ಓದಿದಾಗ ತಿಳಿಯುತ್ತದೆ, ಬರೆಯಲು ಕುಳಿತರೆ ನಕಲಾಗುತ್ತದೆ: ಎಂ.ಎ. ಪ್ರಾಜೆಕ್ಟ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯವನು. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಅರ್ಥಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ‘ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮತ್ತು 371ಜೆ: ಒಂದು ಅಧ್ಯಯನ’ ಎಂಬ ವಿಷಯದ ಮೇಲೆ ಪ್ರಾಜೆಕ್ಟ್ ಬರೆಯಬೇಕಾಗಿದೆ. ಇಂಗ್ಲಿಷಿನಲ್ಲಿ ಬರೆದ ಮೊದಲ ಅಧ್ಯಾಯವನ್ನು ಗೈಡ್ ಅವರು ತಂತ್ರಾಂಶದಲ್ಲಿ ಪರೀಕ್ಷಿಸಿ, ಶೇ 46ರಷ್ಟು ಬೇರೆಡೆಯ ಬರಹಕ್ಕೆ ಹೋಲುತ್ತದೆ ಎಂದು ಹಿಂದಿರುಗಿಸಿದರು. ಕದಿಯಬೇಕೆಂಬ ಉದ್ದೇಶ ನನಗಿರಲಿಲ್ಲ. ಇಂಗ್ಲಿಷ್ ಲೇಖನದ ಒಂದು ಪುಟ ಓದಲು ಗಂಟೆ ಹಿಡಿಯುತ್ತದೆ. ಓದಿದಾಗ ತಿಳಿದಂತಾಗುತ್ತದೆ, ಬರೆಯಲು ಕುಳಿತರೆ ಅವರ ವಾಕ್ಯಗಳೇ ಬರುತ್ತವೆ. ಕನ್ನಡದಲ್ಲಿ ಬರೆದರೆ ಈ ತೊಂದರೆ ತಪ್ಪುತ್ತದೆಯೇ? ಎಐ ಸಹಾಯ ಪಡೆಯಬಹುದೇ? ಪರೀಕ್ಷೆಗೆ ಓದಿದ್ದೂ ನೆನಪಿನಲ್ಲಿ ಉಳಿಯುತ್ತಿಲ್ಲ. ಅದಕ್ಕೂ ದಾರಿ ತಿಳಿಸಿ.

ಉತ್ತರ: ಶೇ 46 ಎಂಬ ಅಂಕಿ ನಿಮ್ಮನ್ನು ಗಾಬರಿಗೊಳಿಸಿದೆ ಎಂಬುದು ಪತ್ರದಿಂದ ಗೊತ್ತಾಗುತ್ತದೆ, ಆದ್ದರಿಂದ ಅದನ್ನೇ ಮೊದಲು ನೋಡೋಣ. ಕೃತಿಚೌರ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಹೊರಡಿಸಿದ ನಿಯಮಾವಳಿ ಸ್ನಾತಕೋತ್ತರ ಹಾಗೂ ಸಂಶೋಧನಾ ವಿದ್ಯಾರ್ಥಿಗಳ ಪ್ರಬಂಧಗಳಿಗೆ ನಾಲ್ಕು ಹಂತಗಳನ್ನು ಗೊತ್ತುಪಡಿಸಿದೆ. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಅದನ್ನು ಮೀರಿ ಶೇ 40ರವರೆಗೆ ಇದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಕಾಲ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ನಿಮ್ಮ ಅಧ್ಯಾಯ ಮೂರನೆಯ ಗುಂಪಿಗೆ ಬರುವಂಥದು ನಿಜ, ಆದರೆ ಅದಿನ್ನೂ ಕರಡು. ಗೈಡ್ ಅವರ ಮೇಜಿನ ಆಚೆಗೆ ಹೋಗಿಲ್ಲ. ಅವರು ಪರೀಕ್ಷಿಸಿ ಹಿಂದಿರುಗಿಸಿದ್ದು ನಿಮಗೆ ಮಾಡಿದ ಉಪಕಾರ. ಜೊತೆಗೆ, ಆ ವರದಿಯನ್ನು ಕೇಳಿ ಪಡೆದು, ಯಾವ ಯಾವ ಸಾಲುಗಳಿಗೆ ಬಣ್ಣ ಹಚ್ಚಿದೆ ಎಂದು ನೀವೇ ನೋಡಬೇಕು. ಮೂಲವನ್ನು ಹೆಸರಿಸಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟ ಮಾತು, ಆಕರಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ ಇವನ್ನೆಲ್ಲ ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಯ ಪಠ್ಯವನ್ನು ನೀವು ಪೂರ್ತಿಯಾಗಿ ಇಳಿಸಿಕೊಂಡಿದ್ದರೆ, ಎಣಿಕೆಯಲ್ಲಿ ಅದರ ಪಾಲು ಎಷ್ಟು ಎಂಬುದು ಆಗ ತಿಳಿಯುತ್ತದೆ. ಉಳಿದದ್ದು ನಿಜವಾದ ತೊಂದರೆ.

ಆ ತೊಂದರೆಗೆ ನೀವು ಇಂಗ್ಲಿಷನ್ನು ಕಾರಣವೆಂದು ಭಾವಿಸಿದ್ದೀರಿ. ಇಂಗ್ಲಿಷಿನ ಕಷ್ಟ ಇರುವುದು ನಿಜ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ನನ್ನ ಅಭಿಪ್ರಾಯದಲ್ಲಿ ನಕಲಿನ ಮೂಲ ನಿಮ್ಮ ಶೀರ್ಷಿಕೆಯಲ್ಲೇ ಇದೆ. ‘ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮತ್ತು 371ಜೆ: ಒಂದು ಅಧ್ಯಯನ’ ಎಂಬುದು ಯಾವುದನ್ನೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹುಡುಕುವವನಿಗೆ ಕಣ್ಣಿಗೆ ಬಿದ್ದದ್ದೆಲ್ಲ ಮುಖ್ಯವಾಗಿಯೇ ಕಾಣುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಲು ಕೈಯಲ್ಲಿ ಅಳತೆಗೋಲು ಇಲ್ಲದ್ದರಿಂದ ಅವನು ಎಲ್ಲವನ್ನೂ ಇಳಿಸಿಕೊಳ್ಳುತ್ತಾನೆ, ಮತ್ತು ತನ್ನದೆಂದು ಹೇಳಲು ಏನೂ ಇಲ್ಲದ್ದರಿಂದ ಇಳಿಸಿಕೊಂಡದ್ದನ್ನೇ ಒಪ್ಪಿಸುತ್ತಾನೆ. ಪಿಯುಸಿಯಿಂದ ಪದವಿಯವರೆಗೆ ನಾವು ಮಕ್ಕಳಿಂದ ಬರೆಸಿದ್ದೂ ಇದನ್ನೇ: ‘ಪ್ರಾದೇಶಿಕ ಅಸಮತೋಲನಕ್ಕೆ ಕಾರಣಗಳನ್ನು ವಿವರಿಸಿ’ ಎಂದು 10 ಅಂಕದ ಪ್ರಶ್ನೆ, ನೋಟ್ಸಿನಲ್ಲಿರುವ ಎಂಟು ಅಂಶಗಳ ಉತ್ತರ. ಅಲ್ಲಿ ಚೆನ್ನಾಗಿ ಅಂಕ ಗಳಿಸಿದ ವಿದ್ಯಾರ್ಥಿಯೇ ಪ್ರಾಜೆಕ್ಟಿನಲ್ಲಿ ಹೆಚ್ಚು ಕಷ್ಟಪಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಏಕೆಂದರೆ ಅವನಿಗೆ ಅಭ್ಯಾಸವಾದ ಕೆಲಸಕ್ಕೆ ಇಲ್ಲಿ ಬೆಲೆ ಇಲ್ಲ.

ಹಾಗಾದರೆ ಪ್ರಶ್ನೆ ಎಲ್ಲಿಂದ ಬರುತ್ತದೆ? ಸುಮ್ಮನೆ ಕುಳಿತು ಯೋಚಿಸಿದರೆ ಬರುವುದಿಲ್ಲ. ನಿಮ್ಮ ನಂಬಿಕೆಯೊಂದು ಯಾವುದಾದರೂ ಕೋಷ್ಟಕಕ್ಕೆ ಡಿಕ್ಕಿ ಹೊಡೆದಾಗ ಬರುತ್ತದೆ. ನಿಮ್ಮ ವಿಷಯದಲ್ಲೇ ಇದನ್ನು ತೋರಿಸುತ್ತೇನೆ. ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯನ್ನು ನೀವು ಹೆಸರಿಸಿದ್ದೀರೋ ಇಲ್ಲವೋ ಗೊತ್ತಿಲ್ಲ, ಹೆಸರಿಸಿಯೇ ಇರುತ್ತೀರಿ. ಈ ವಿಷಯದ ಪ್ರಾಜೆಕ್ಟುಗಳೆಲ್ಲ ಅದನ್ನು ಹೆಸರಿಸುತ್ತವೆ, ತೆರೆದು ನೋಡುವವರು ಕಡಿಮೆ. ಸಮಿತಿಯು 35 ಸೂಚಕಗಳನ್ನು ಬಳಸಿ ಆಗಿದ್ದ 175 ತಾಲ್ಲೂಕುಗಳಿಗೆ ಸಮಗ್ರ ಅಭಿವೃದ್ಧಿ ಸೂಚ್ಯಂಕವನ್ನು ಕಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಈಗ ಆ 114ನ್ನು ಉತ್ತರ ಮತ್ತು ದಕ್ಷಿಣ ಎಂದು ವಿಂಗಡಿಸಿ ನೋಡಿ. ಉತ್ತರ ಕರ್ನಾಟಕದಲ್ಲಿ 59, ದಕ್ಷಿಣ ಕರ್ನಾಟಕದಲ್ಲಿ 55. ‘ಉತ್ತರ ಹಿಂದುಳಿದಿದೆ, ದಕ್ಷಿಣ ಮುಂದುವರಿದಿದೆ’ ಎಂದು ನಂಬಿಕೊಂಡು ಬಂದ ಓದುಗ ಇಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ನಿಂತವನು ಮುಂದಿನ ಕೋಷ್ಟಕಕ್ಕೆ ಹೋಗುತ್ತಾನೆ. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು, 13 ದಕ್ಷಿಣದವು. ಆ 26ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗ (ಬಹುಮಟ್ಟಿಗೆ ಇಂದಿನ ಕಲ್ಯಾಣ ಕರ್ನಾಟಕ) ಒಂದರಲ್ಲೇ ಇವೆ. ಆ ವಿಭಾಗದಲ್ಲಿದ್ದ 31 ತಾಲ್ಲೂಕುಗಳ ಪೈಕಿ ಸರಾಸರಿಗಿಂತ ಕೆಳಗಿದ್ದವು 28. ಅಂದರೆ ಹಿಂದುಳಿದ ತಾಲ್ಲೂಕುಗಳು ರಾಜ್ಯದ ಎಲ್ಲ ಕಡೆಯೂ ಇವೆ, ಆದರೆ ಅವುಗಳ ತೀವ್ರತೆ ಮತ್ತು ಸಾಂದ್ರತೆ ಕಲ್ಯಾಣ ಕರ್ನಾಟಕದಲ್ಲಿದೆ. ಈ ಒಂದು ವಾಕ್ಯ ಯಾರ ಪುಸ್ತಕದಿಂದಲೂ ನಕಲಾದದ್ದಲ್ಲ. ಅಂಕಿಗಳು ಸಮಿತಿಯವು, ಅವನ್ನು ಎದುರುಬದುರು ಇಟ್ಟು ನೋಡಿದ್ದು ನೀವು. ವಿಶ್ವವಿದ್ಯಾಲಯ ನಿಮ್ಮಿಂದ ನಿರೀಕ್ಷಿಸುವ ‘ಸ್ವಂತ ಬರವಣಿಗೆ’ ಎಂದರೆ ಬಹುಮಟ್ಟಿಗೆ ಇಷ್ಟೇ.

ಅಲ್ಲಿಂದ ಮುಂದೆ ಪ್ರಶ್ನೆಗಳು ತಾವಾಗಿ ಬರುತ್ತವೆ. ಉದಾಹರಣೆಗೆ, ಈ ಭಾಗ ಹಿಂದುಳಿಯಲು ನಿಜಾಮರ ಆಳ್ವಿಕೆಯೇ ಕಾರಣ ಎಂಬ ಮಾತು ನಿಮ್ಮ ಕರಡಿನಲ್ಲೂ ಇರಬಹುದು. ಆದರೆ 371ಜೆ ವ್ಯಾಪ್ತಿಗೆ ಸೇರಿದ ಬಳ್ಳಾರಿ 1800ರ ನಂತರ ನಿಜಾಮರ ಸಂಸ್ಥಾನದಲ್ಲಿ ಇರಲಿಲ್ಲ. ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಿರುವಾಗ ನಿಜಾಮರ ಕಾರಣವೊಂದೇ ಸಾಲುತ್ತದೆಯೇ? ಸಾಲುತ್ತದೆ ಎನ್ನಬೇಕಾದರೆ ಬಳ್ಳಾರಿಯ ತಾಲ್ಲೂಕುಗಳನ್ನು ರಾಯಚೂರು, ಕಲಬುರಗಿಯ ತಾಲ್ಲೂಕುಗಳೊಂದಿಗೆ ಹೋಲಿಸಿ ತೋರಿಸಬೇಕು. ಯಾರೋ ಹೇಳಿದ ಕಾರಣವನ್ನು ಒಪ್ಪಿಸುವುದಕ್ಕೂ ಆ ಕಾರಣವನ್ನು ಪರೀಕ್ಷೆಗೆ ಒಡ್ಡುವುದಕ್ಕೂ ಇರುವ ಅಂತರವನ್ನೇ ಮೌಲ್ಯಮಾಪಕರು ಹುಡುಕುತ್ತಾರೆ.

ಆದರೂ ಇವೆಲ್ಲ ಒಂದು ಸೆಮಿಸ್ಟರಿನ ಪ್ರಾಜೆಕ್ಟಿಗೆ ದೊಡ್ಡವೇ. ನಿಮ್ಮ ವಿಷಯವನ್ನು ಒಂದು ತಾಲ್ಲೂಕಿಗೆ, ಒಂದು ಸೌಲಭ್ಯಕ್ಕೆ, ಭೇಟಿ ಮಾಡಬಹುದಾದಷ್ಟು ಜನರಿಗೆ ಇಳಿಸಿ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371ಜೆ ಅನ್ವಯ 2013ರಲ್ಲಿ ಹೊರಟ ಆದೇಶ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳನ್ನು ಸ್ಥಳೀಯರಿಗೆ ಮೀಸಲಿಟ್ಟಿದೆ. ‘ಶಹಾಪುರ ತಾಲ್ಲೂಕಿನಲ್ಲಿ 371ಜೆ ಅರ್ಹತಾ ಪ್ರಮಾಣಪತ್ರದ ಮೇಲೆ ವೃತ್ತಿಪರ ಕೋರ್ಸುಗಳಿಗೆ ಸೇರಿದವರು ಎಂಥ ಕುಟುಂಬಗಳಿಂದ ಬಂದವರು, ಅವರ ತಂದೆ ತಾಯಿ ಎಷ್ಟು ಓದಿದ್ದಾರೆ?’ ಎಂದು ಕೇಳಿದರೆ, ಐವತ್ತು ಅರವತ್ತು ಮನೆಗಳ ಸಂದರ್ಶನದಲ್ಲಿ ಉತ್ತರಕ್ಕೆ ಹತ್ತಿರವಾದದ್ದು ಸಿಗುತ್ತದೆ. ಮೀಸಲಾತಿಯ ಪ್ರಯೋಜನ ಮೊದಲ ತಲೆಮಾರಿನ ಓದುಗರಿಗೆ ತಲುಪಿದೆಯೋ, ಈಗಾಗಲೇ ಓದಿಕೊಂಡ ಮನೆಗಳಲ್ಲಿ ನಿಂತಿದೆಯೋ ಎಂಬುದನ್ನು ಒಂದು ತಾಲ್ಲೂಕಿನ ಮಟ್ಟಿಗಾದರೂ ಹೇಳಲು ನಿಮಗೆ ಹಕ್ಕು ಬರುತ್ತದೆ. ಆ ಮಾಹಿತಿ ಇಂಟರ್ನೆಟ್ಟಿನಲ್ಲಿ ಇಲ್ಲದ್ದರಿಂದ ನಕಲು ಮಾಡುವ ಅವಕಾಶವೂ ಇರುವುದಿಲ್ಲ.

ಇನ್ನು ಇಂಗ್ಲಿಷ್ ಓದಿನ ವಿಚಾರ. ಒಂದು ಪುಟಕ್ಕೆ ಗಂಟೆ ಹಿಡಿಯುವುದು ನೀವು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪ್ರತಿ ಪದವನ್ನೂ ಗೆಲ್ಲುತ್ತಾ ಹೋಗುವುದರಿಂದ. ಸಂಶೋಧನಾ ಲೇಖನವನ್ನು ಕಾದಂಬರಿಯಂತೆ ಓದುವವರು ಇಂಗ್ಲಿಷ್ ಮಾತೃಭಾಷೆಯವರಲ್ಲೂ ಇಲ್ಲ. ಮೊದಲು ಸಾರಾಂಶ, ಆಮೇಲೆ ಪೀಠಿಕೆಯ ಕೊನೆಯ ಎರಡು ಪ್ಯಾರಾ, ಆಮೇಲೆ ಸಮಾರೋಪ, ಆಮೇಲೆ ಕೋಷ್ಟಕಗಳು. ಇಷ್ಟನ್ನು ಓದಿ ‘ಇದು ನನ್ನ ಪ್ರಶ್ನೆಗೆ ಬೇಕೇ?’ ಎಂದು ಕೇಳಿಕೊಂಡು, ಬೇಡವಾದರೆ ಸಂಕೋಚವಿಲ್ಲದೆ ಪಕ್ಕಕ್ಕಿಡಿ. ಹತ್ತು ಲೇಖನಗಳಲ್ಲಿ ಎರಡೋ ಮೂರೋ ಪೂರ್ತಿ ಓದಲು ಯೋಗ್ಯವಾಗಿ ಉಳಿದಾವು. ಅವುಗಳಿಗೆ ಪುಟಕ್ಕೊಂದು ಗಂಟೆ ಕೊಟ್ಟರೂ ನಷ್ಟವಿಲ್ಲ. ಅರ್ಥಶಾಸ್ತ್ರದ ಕೋಷ್ಟಕ ಬೇಡುವ ಇಂಗ್ಲಿಷ್ ಅತ್ಯಲ್ಪ ಎಂಬುದು ನಿಮ್ಮಂಥವರಿಗೆ ದೊಡ್ಡ ಅನುಕೂಲ: ಕೋಷ್ಟಕವನ್ನು ಮೊದಲು ನೀವೇ ಓದಿ, ಅದು ಏನು ಹೇಳುತ್ತದೆ ಎಂದು ಕನ್ನಡದಲ್ಲಿ ಎರಡು ವಾಕ್ಯ ಬರೆದು, ಆಮೇಲೆ ಲೇಖಕರು ಅದರಿಂದ ಏನು ಹೊರಡಿಸಿದ್ದಾರೆ ನೋಡಿ. ಎರಡೂ ಹೊಂದಿದರೆ ನಿಮ್ಮ ಓದು ಸರಿಯಿದೆ. ಹೊಂದದಿದ್ದರೆ ಒಂದೋ ನಿಮಗೆ ತಿಳಿಯದ ಅಂಶವಿದೆ, ಇಲ್ಲವೇ ಲೇಖಕರು ಅಂಕಿಗಿಂತ ಹೆಚ್ಚು ಹೇಳಿದ್ದಾರೆ. ಎರಡೂ ಉಪಯುಕ್ತವೇ. ಪಾರಿಭಾಷಿಕ ಪದಗಳು ಒಂದು ವಿಷಯದಲ್ಲಿ ಮರಳಿ ಮರಳಿ ಬರುತ್ತವೆಯಾದ್ದರಿಂದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಿಮ್ಮದೇ ಪದಪಟ್ಟಿ ಮಾಡಿಕೊಳ್ಳಿ. ಐದಾರು ಲೇಖನ ಕಳೆಯುವಷ್ಟರಲ್ಲಿ ಹೊಸ ಪದಗಳು ತೀರಾ ಕಡಿಮೆಯಾಗುತ್ತವೆ.

ಎಲ್ಲಿ ಹುಡುಕಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನ ಐಸೆಕ್, ಅಂದರೆ ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ, ತನ್ನ ವರ್ಕಿಂಗ್ ಪೇಪರುಗಳನ್ನು ಉಚಿತವಾಗಿ ಒದಗಿಸುತ್ತದೆ. ಕರ್ನಾಟಕದ ಪ್ರಾದೇಶಿಕ ಅಸಮಾನತೆಯ ಬಗ್ಗೆ ಅಲ್ಲಿ ಒಳ್ಳೆಯ ಕೆಲಸವಾಗಿದೆ. ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಆನ್‌ಲೈನ್ ಭಂಡಾರದಲ್ಲಿ ಸಿಗುತ್ತವೆ. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಕನ್ನಡದಲ್ಲೂ ಬರುತ್ತದೆ. ಜಿಲ್ಲಾವಾರು ಅಂಕಿಗಳನ್ನು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಪ್ರಕಟಿಸುತ್ತದೆ. ಇವಿಷ್ಟು ನಿಮ್ಮ ಪ್ರಾಜೆಕ್ಟಿಗೆ ಧಾರಾಳ. ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುವ ಗೈಡ್ ಪುಸ್ತಕವನ್ನು ಆಕರವಾಗಿ ಕೊಡಬೇಡಿ. ಅದರಲ್ಲಿ ಒಂದು ಅಂಕಿ ಇಷ್ಟವಾದರೆ, ಅದು ಯಾವ ವರದಿಯದು ಎಂದು ಹುಡುಕಿ ಆ ವರದಿಯನ್ನೇ ನೋಡಿ.

ನೀವು ಎಲ್ಲಕ್ಕಿಂತ ಹೆಚ್ಚು ಬದಲಿಸಿಕೊಳ್ಳಬೇಕಾದದ್ದು ಟಿಪ್ಪಣಿ ಮಾಡುವ ರೀತಿಯನ್ನು. ನಕಲು ನಡೆಯುವುದು ಬರೆಯುವ ದಿನವಲ್ಲ, ಅದಕ್ಕೆ ತಿಂಗಳುಗಳ ಮೊದಲೇ, ಟಿಪ್ಪಣಿಯ ಪುಸ್ತಕದಲ್ಲಿ. ಲೇಖಕರ ವಾಕ್ಯವನ್ನು ಚಿಹ್ನೆಯಿಲ್ಲದೆ, ಪುಟಸಂಖ್ಯೆಯಿಲ್ಲದೆ ಇಳಿಸಿಕೊಂಡಿರುತ್ತೀರಿ. ಕೆಲವು ವಾರ ಕಳೆದ ಮೇಲೆ ನಿಮ್ಮದೇ ಕೈಬರಹದಲ್ಲಿರುವ ಆ ವಾಕ್ಯ ನಿಮ್ಮದೇ ಎಂದು ಕಾಣುತ್ತದೆ. ‘ಕದಿಯುವ ಉದ್ದೇಶ ಇರಲಿಲ್ಲ’ ಎಂಬ ನಿಮ್ಮ ಮಾತನ್ನು ನಾನು ನಂಬುವುದು ಇದೇ ಕಾರಣಕ್ಕೆ. ಆದರೆ ತಂತ್ರಾಂಶಕ್ಕೂ ಪರೀಕ್ಷಕರಿಗೂ ಉದ್ದೇಶ ಕಾಣುವುದಿಲ್ಲ. ಆದ್ದರಿಂದ ಹಾಳೆಯ ಮೇಲ್ಭಾಗದಲ್ಲಿ ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪ್ರಕಟಣೆಯ ವಿವರ ಬರೆಯದೆ ಒಂದಕ್ಷರವನ್ನೂ ಮುಂದೆ ಬರೆಯಬೇಡಿ. ಕೆಳಗೆ ಮೂರು ಬಗೆಯ ಬರಹವನ್ನು ಬೇರೆ ಬೇರೆ ಇಡಿ: ಲೇಖಕರ ಮಾತನ್ನು ಅಕ್ಷರಶಃ ಇಳಿಸಿದ್ದರೆ ಉದ್ಧರಣ ಚಿಹ್ನೆ ಮತ್ತು ಪುಟ, ಅವರ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿದ್ದರೆ ಚಿಹ್ನೆಯಿಲ್ಲದೆ ಪುಟ, ನಿಮಗೆ ಹೊಳೆದದ್ದಾದರೆ ಬೇರೆ ಬಣ್ಣದ ಪೆನ್ನು. ಮೂರನೆಯ ಬಣ್ಣ ಪುಟಗಟ್ಟಲೆ ಕಾಣದೆ ಹೋದರೆ ನೀವು ಓದುತ್ತಿಲ್ಲ, ಪ್ರತಿ ಮಾಡುತ್ತಿದ್ದೀರಿ ಎಂದೇ ತಿಳಿಯಿರಿ.

ಎರಡನೆಯ ಬಗೆಗೆ ಒಂದು ಉಪಾಯವಿದೆ. ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಿ. ಓದಿದ್ದನ್ನು ನಿಮ್ಮ ಊರಿನಲ್ಲಿ ಪದವಿ ಓದುತ್ತಿರುವ ತಂಗಿಗೋ ತಮ್ಮನಿಗೋ ಹೇಳುವಂತೆ, ನೋಡದೆ, ಕನ್ನಡದಲ್ಲಿ ಬರೆಯಿರಿ. ಆಮೇಲೆ ತೆರೆದು ಅಂಕಿ, ಹೆಸರು, ಷರತ್ತು ತಪ್ಪಿದ್ದರೆ ಸರಿಪಡಿಸಿ. ಎದುರಿಗೆ ತೆರೆದಿಟ್ಟ ಪುಟವನ್ನು ನೋಡುತ್ತಾ ‘ಸ್ವಂತ ಮಾತಿನಲ್ಲಿ’ ಬರೆಯಲು ಹೊರಟರೆ ಯಾರಿಂದಲೂ ಆಗುವುದಿಲ್ಲ; ಆಗುವುದೆಂದರೆ ಎರಡು ಪದ ಬದಲಿಸಿ ವಾಕ್ಯದ ಅಸ್ಥಿಪಂಜರವನ್ನು ಹಾಗೇ ಉಳಿಸಿಕೊಳ್ಳುವುದು, ಮತ್ತು ಅದೂ ಕೃತಿಚೌರ್ಯವೇ. ಇಂಗ್ಲಿಷ್ ಪುಟ ಮುಚ್ಚಿ ಕನ್ನಡದಲ್ಲಿ ಬರೆಯುವಾಗ ಮೂಲದ ವಾಕ್ಯರಚನೆ ಹಿಂಬಾಲಿಸಿ ಬರುವುದು ಕಷ್ಟವಾದ್ದರಿಂದ, ಎರಡು ಭಾಷೆ ಬಲ್ಲ ನಿಮಗೆ ಇಂಗ್ಲಿಷ್ ಮಾಧ್ಯಮದ ಗೆಳೆಯರಿಗಿಲ್ಲದ ಅನುಕೂಲವೊಂದು ಇಲ್ಲಿದೆ.

ಟಿಪ್ಪಣಿಯಿಂದ ಪ್ಯಾರಾ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಪ್ರಾಜೆಕ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವ ವಾಕ್ಯ ಇದು: ‘ಕಲ್ಯಾಣ ಕರ್ನಾಟಕವು ಸ್ವಾತಂತ್ರ್ಯಾನಂತರವೂ ಶಿಕ್ಷಣ, ಆರೋಗ್ಯ, ಉದ್ಯೋಗ ಮುಂತಾದ ಎಲ್ಲ ಕ್ಷೇತ್ರಗಳಲ್ಲಿ ಹಿಂದುಳಿದಿದ್ದು, ಇದಕ್ಕೆ ಅನೇಕ ಐತಿಹಾಸಿಕ, ಸಾಮಾಜಿಕ ಹಾಗೂ ರಾಜಕೀಯ ಕಾರಣಗಳಿವೆ.’ ಇದರಲ್ಲಿ ತಪ್ಪೇನೂ ಇಲ್ಲ, ಇರುವುದೂ ಏನೂ ಇಲ್ಲ. ಇದನ್ನೇ ಹೀಗೆ ಬರೆದು ನೋಡಿ: ‘2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36, ದಕ್ಷಿಣ ಕನ್ನಡದಲ್ಲಿ ಅದು ಶೇ 88.57 ಇದ್ದರೆ ಯಾದಗಿರಿಯಲ್ಲಿ ಶೇ 51.83 ಮಾತ್ರ. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ 36 ಅಂಶಗಳಿಗೂ ಹೆಚ್ಚಿನ ಅಂತರವಿರುವಾಗ, ಸೀಟುಗಳ ಮೀಸಲಾತಿ ತಲುಪುವುದು ಪಿಯುಸಿ ಮುಗಿಸಿ ಬಂದವರಿಗೆ ಮಾತ್ರ. ಆದ್ದರಿಂದ 371ಜೆಯ ಶೈಕ್ಷಣಿಕ ಪ್ರಯೋಜನವನ್ನು ಅಳೆಯುವಾಗ ಸೀಟು ಪಡೆದವರ ಸಂಖ್ಯೆಯ ಜೊತೆಗೆ ಅವರು ಯಾವ ಹಿನ್ನೆಲೆಯಿಂದ ಬಂದವರು ಎಂಬುದನ್ನೂ ನೋಡಬೇಕಾಗುತ್ತದೆ.’ ಇಲ್ಲಿ ಅಂಕಿಗೆ ಆಕರವಿದೆ, ಅಂಕಿಯಿಂದ ಹೊರಟ ತರ್ಕವಿದೆ, ತರ್ಕ ನಿಮ್ಮ ಸಂಶೋಧನಾ ಪ್ರಶ್ನೆಗೆ ಬಂದು ಸೇರುತ್ತದೆ. ಭಾಷೆ ಎರಡರಲ್ಲೂ ಸರಳವೇ. ಒಳ್ಳೆಯ ಶೈಕ್ಷಣಿಕ ಬರವಣಿಗೆಗೆ ಪಾಂಡಿತ್ಯದ ಪದಗಳು ಬೇಕೆಂಬ ಭ್ರಮೆಯನ್ನು ನಮ್ಮ ಕೆಲವು ಪ್ರಾಧ್ಯಾಪಕರೇ ಬೆಳೆಸಿದ್ದಾರೆ. ‘ಪರಿಪ್ರೇಕ್ಷ್ಯ’, ‘ಆಯಾಮ’ಗಳನ್ನು ತೆಗೆದುಹಾಕಿದರೆ ಅವರ ಎಷ್ಟೋ ಪುಟಗಳಲ್ಲಿ ಉಳಿಯುವುದು ಕಡಿಮೆ.

ಅಂಕಿಗಳನ್ನು ಬಳಸುವಾಗ ಗಡಿಗಳ ಮೇಲೆ ಕಣ್ಣಿರಲಿ. 2002ರ ವರದಿಯಲ್ಲಿ ಯಾದಗಿರಿ ಜಿಲ್ಲೆ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ 2009ರ ಕೊನೆಯವರೆಗೂ ಅದು ಗುಲ್ಬರ್ಗಾ ಜಿಲ್ಲೆಯ ಭಾಗ. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿದ್ದು, 2018ರಲ್ಲಿ ಬಳ್ಳಾರಿಗೆ ಸೇರಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಂದರೆ ಸಮಿತಿಯ ಗುಲ್ಬರ್ಗಾ ವಿಭಾಗವೂ ಇಂದಿನ 371ಜೆ ಪ್ರದೇಶವೂ ಒಂದೇ ಅಲ್ಲ. 175 ಇದ್ದ ತಾಲ್ಲೂಕುಗಳ ಸಂಖ್ಯೆ ಈಗ ಇನ್ನೂರು ದಾಟಿದೆ. ಅಂದಿನ ಮತ್ತು ಇಂದಿನ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ‘ಏರಿಕೆಯಾಗಿದೆ’, ‘ಇಳಿಕೆಯಾಗಿದೆ’ ಎಂದು ಬರೆಯುವ ಮೊದಲು ಎರಡೂ ಒಂದೇ ಭೂಭಾಗದವೇ ಎಂದು ನೋಡಬೇಕು, ಇಲ್ಲವಾದರೆ ಅದನ್ನು ಅಧ್ಯಯನ ವಿಧಾನದ ಅಧ್ಯಾಯದಲ್ಲಿ ಬಾಯಿಬಿಟ್ಟು ಹೇಳಬೇಕು. ಮಿತಿಯನ್ನು ಹೇಳಿಕೊಂಡದ್ದಕ್ಕೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಯಾರೂ ಅಂಕ ಕಳೆಯುವುದಿಲ್ಲ; ಮುಚ್ಚಿಟ್ಟದ್ದು ಬಯಲಾದರೆ ಕಳೆಯುತ್ತಾರೆ.

ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ ‘ಇಂಥವರು 2010ರಲ್ಲಿ ಹೀಗೆ ಹೇಳಿದ್ದಾರೆ, ಇಂಥವರು 2014ರಲ್ಲಿ ಹೀಗೆ ಹೇಳಿದ್ದಾರೆ’ ಎಂದು ಹಾಜರಿ ಪಟ್ಟಿ ಓದುವ ಪದ್ಧತಿಯನ್ನು ಬಿಡಿ. ಯಾರು ಯಾವ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ, ಎಲ್ಲಿ ಒಪ್ಪುತ್ತಾರೆ, ಎಲ್ಲಿ ಭಿನ್ನರಾಗುತ್ತಾರೆ ಎಂಬುದರ ಮೇಲೆ ಗುಂಪು ಮಾಡಿದರೆ ಅವರು ಬಿಟ್ಟ ಜಾಗ ಕಾಣುತ್ತದೆ, ನಿಮ್ಮ ಪ್ರಾಜೆಕ್ಟ್ ಅಲ್ಲಿ ನಿಲ್ಲುತ್ತದೆ. ಬರೆಯುವ ಕ್ರಮವೂ ಮುದ್ರಣದ ಕ್ರಮವೇ ಆಗಬೇಕಿಲ್ಲ. ದತ್ತಾಂಶ ವಿಶ್ಲೇಷಣೆಯಿಂದ ಆರಂಭಿಸಿ, ಪೀಠಿಕೆಯನ್ನು ಕೊನೆಗೆ ಬರೆಯಿರಿ. ಏನನ್ನು ಕಂಡುಕೊಂಡಿರಿ ಎಂದು ತಿಳಿಯುವ ಮೊದಲೇ ಬರೆದ ಪೀಠಿಕೆ ಅನಿವಾರ್ಯವಾಗಿ ಸಾಮಾನ್ಯ ಮಾತುಗಳಿಂದ ತುಂಬುತ್ತದೆ, ನಿಮ್ಮ ಮೊದಲ ಅಧ್ಯಾಯಕ್ಕೆ ಆದದ್ದೂ ಅದೇ ಇರಬಹುದು.

ಕನ್ನಡದಲ್ಲಿ ಬರೆಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ನಿಯಮ ಒಪ್ಪಿದರೆ ಖಂಡಿತ ಬರೆಯಿರಿ. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾಲಯಗಳು ಸಮಾಜವಿಜ್ಞಾನದ ಎಂ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡುತ್ತವೆ. ಪ್ರಾಜೆಕ್ಟಿಗೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ವಿಭಾಗದ ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳಿ. ಆದರೆ ನಕಲಿನಿಂದ ತಪ್ಪಿಸಿಕೊಳ್ಳುವ ದಾರಿಯೆಂದು ಕನ್ನಡವನ್ನು ಆರಿಸಬೇಡಿ. ಇಂಗ್ಲಿಷ್ ಪ್ಯಾರಾವನ್ನು ಕನ್ನಡಕ್ಕೆ ಇಳಿಸಿ ಮೂಲವನ್ನು ಹೆಸರಿಸದೆ ಬಿಟ್ಟರೆ ತಂತ್ರಾಂಶ ಹಿಡಿಯದೆ ಹೋಗಬಹುದು, ಆ ಕ್ಷೇತ್ರದಲ್ಲಿ ಇಪ್ಪತ್ತು ವರ್ಷ ಓದಿದ ಪರೀಕ್ಷಕರು ಹಿಡಿಯುತ್ತಾರೆ. ಹಿಡಿಯದಿದ್ದರೂ ಅದು ಚೌರ್ಯವೇ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವುದಾದರೆ ಯೂನಿಕೋಡ್‌ನಲ್ಲೇ ಮಾಡಿಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮಾಡಿಸಿದ ಕಡತದಲ್ಲಿ ಪದ ಹುಡುಕಲೂ ಆಗುವುದಿಲ್ಲ, ಹೋಲಿಕೆ ಪರೀಕ್ಷೆಯೂ ಸರಿಯಾಗಿ ನಡೆಯುವುದಿಲ್ಲ, ಮತ್ತು ಕೊನೆಯ ವಾರದಲ್ಲಿ ಅದನ್ನು ಪರಿವರ್ತಿಸಲು ಹೋದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ.

ಎಐ ವಿಚಾರದಲ್ಲಿ ನಾನು ಸಂಪೂರ್ಣ ವಿರೋಧಿಯಲ್ಲ. ಅರ್ಥವಾಗದ ಇಂಗ್ಲಿಷ್ ವಾಕ್ಯವೊಂದನ್ನು ಬಿಡಿಸಿ ಹೇಳು ಎಂದು ಕೇಳುವುದರಲ್ಲಿ, ನಿಘಂಟು ನೋಡುವುದಕ್ಕಿಂತ ಹೆಚ್ಚಿನ ದೋಷವೇನೂ ನನಗೆ ಕಾಣುವುದಿಲ್ಲ. ಅಧ್ಯಾಯವನ್ನು ಅದರಿಂದ ಬರೆಸಿದರೆ ಎರಡು ಅಪಾಯಗಳಿವೆ: ಅದು ಅಸ್ತಿತ್ವದಲ್ಲೇ ಇಲ್ಲದ ಲೇಖನಗಳನ್ನು ಲೇಖಕ, ವರ್ಷ, ಪುಟಸಂಖ್ಯೆ ಸಹಿತ ಸೃಷ್ಟಿಸಿ ಕೊಡಬಲ್ಲದು; ಹಾಗೂ ವೈವಾದಲ್ಲಿ ‘ಈ ಮಾತನ್ನು ಯಾವ ಆಧಾರದ ಮೇಲೆ ಬರೆದಿರಿ?’ ಎಂದಾಗ ಉತ್ತರಿಸಬೇಕಾದವರು ನೀವು. ಎಷ್ಟು ಬಳಕೆಗೆ ಅನುಮತಿಯಿದೆ ಎಂದು ಗೈಡ್ ಅವರನ್ನು ಮೊದಲೇ ಕೇಳಿ, ಬಳಸಿದ್ದನ್ನು ಪ್ರಾಜೆಕ್ಟಿನಲ್ಲಿ ಹೇಳಿ.

ಪರೀಕ್ಷೆಗೆ ಓದಿದ್ದು ಉಳಿಯದಿರುವುದಕ್ಕೂ ಮೇಲೆ ಹೇಳಿದ ಪುಸ್ತಕ ಮುಚ್ಚುವ ಅಭ್ಯಾಸವೇ ಮದ್ದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಪಠ್ಯವನ್ನು ವಿದ್ಯಾರ್ಥಿಗಳು ಒಂದು ಕ್ರಮದಲ್ಲಿ ಮರಳಿ ಓದಿದರು, ಇನ್ನೊಂದರಲ್ಲಿ ಒಮ್ಮೆ ಓದಿ ನೋಡದೆ ನೆನಪಿಸಿಕೊಂಡು ಬರೆದರು. 5 ನಿಮಿಷದ ನಂತರ ಪರೀಕ್ಷಿಸಿದಾಗ ಮರಳಿ ಓದಿದ್ದೇ ಮುಂದಿತ್ತು: ಶೇ 81ಕ್ಕೆ ಎದುರಾಗಿ ಶೇ 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಮರಳಿ ಓದಿದವರಿಗೆ ಶೇ 42, ನೆನಪಿಸಿಕೊಂಡು ಬರೆದವರಿಗೆ ಶೇ 56. ಹಿಂದಿನ ರಾತ್ರಿ ನೋಟ್ಸನ್ನು ಮತ್ತೆ ಮತ್ತೆ ತಿರುವಿ ಹಾಕುವವರಿಗೆ ‘ಎಲ್ಲ ಗೊತ್ತಿದೆ’ ಎನ್ನಿಸುವುದೂ ಕೆಲವೇ ದಿನಗಳಲ್ಲಿ ಅದು ಕರಗಿಹೋಗುವುದೂ ಏಕೆಂದು ಇದರಿಂದ ತಿಳಿಯುತ್ತದೆ. ಒಂದು ಘಟಕ ಓದಿದ ದಿನವೇ ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟು ಬರೆದು, ಬಿಟ್ಟುಹೋದದ್ದನ್ನು ಪುಸ್ತಕ ನೋಡಿ ತುಂಬಿ, ಮೂರ್ನಾಲ್ಕು ದಿನ ಬಿಟ್ಟು ಅದನ್ನೇ ಮತ್ತೊಮ್ಮೆ ಮಾಡಿ. ಕಾಲೇಜು ಅಧ್ಯಾಪಕರ ಅರ್ಹತೆಗಾಗಿ ನಡೆಯುವ ಕೆಸೆಟ್, ನೆಟ್ ಪರೀಕ್ಷೆಗಳಿಗೆ ಕೂರುವ ಯೋಚನೆಯಿದ್ದರೆ ಈಗಿನಿಂದಲೇ ರೂಢಿಸಿಕೊಳ್ಳುವುದು ಒಳ್ಳೆಯದು.

ಗೈಡ್ ಅವರ ಬಳಿಗೆ ಈಗ ತಿದ್ದಿದ ಮೊದಲ ಅಧ್ಯಾಯವನ್ನು ಒಯ್ಯಬೇಡಿ. ಒಂದು ಹಾಳೆಯಲ್ಲಿ ನಿಮ್ಮ ಹೊಸ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಅದರ ಕೆಳಗೆ ಉತ್ತರಕ್ಕೆ ಬೇಕಾದ ಮಾಹಿತಿ ಯಾವುದು, ಅದು ಯಾರ ಬಳಿ ಸಿಗುತ್ತದೆ, ಎಷ್ಟು ಮನೆಗಳನ್ನು ಭೇಟಿ ಮಾಡಬಲ್ಲಿರಿ ಎಂಬುದನ್ನು ಸೇರಿಸಿ, ಈಗಾಗಲೇ ಓದಿದ ಎರಡು ಲೇಖನಗಳ ಟಿಪ್ಪಣಿಯೊಂದಿಗೆ ತೋರಿಸಿ. ಶೀರ್ಷಿಕೆ ಬದಲಿಸಲು ವಿಭಾಗದ ಒಪ್ಪಿಗೆ ಬೇಕಾಗುವ ಸಾಧ್ಯತೆ ಇರುವುದರಿಂದ ಈ ಭೇಟಿಯನ್ನು ಇದೇ ವಾರ ಇಟ್ಟುಕೊಳ್ಳಿ. ಆ ಹಾಳೆಗೆ ಅವರು ಒಪ್ಪಿಗೆ ಕೊಟ್ಟ ಮೇಲೆ ಪ್ರಶ್ನಾವಳಿ ಸಿದ್ಧಪಡಿಸಿ, ಅದನ್ನು ಮೊದಲು ನಿಮ್ಮ ಪರಿಚಯದ ನಾಲ್ಕೈದು ಮನೆಗಳಲ್ಲಿ ಕೇಳಿ ನೋಡಿ. ಯಾವ ಪ್ರಶ್ನೆಗೆ ಜನ ತಡವರಿಸುತ್ತಾರೋ, ಯಾವುದಕ್ಕೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೋ ಅವನ್ನು ತಿದ್ದಿಕೊಂಡು ನಂತರ ಕ್ಷೇತ್ರಕಾರ್ಯಕ್ಕೆ ಇಳಿಯಿರಿ.